ಹುಮಣಿ ಹತ್ತಿದ ಲಾನು

ಸ್ನೇಹಲ ಎರಡೂ ಕೈಯಿಂದ ಹುಲ್ಲು ಹಿಡಿದು ಎಳೆದಳು. ಹುಲ್ಲು ಒಂದಿಷ್ಟೂ ಸೆಟೆಯಲಿಲ್ಲ. ಗೋಣಿಚೀಲದಷ್ಟು ಅಗಲದ ಹಾಸು ಬೇರಿಲ್ಲದೆ ಎದ್ದುಬಂದು ಅವಳ ತೊಡೆಯ ಮೇಲೆ ಬಿತ್ತು. ಅದನ್ನು ಸುರುಳಿ ಸುತ್ತಿ ಆಚೆ ಒಗೆದಳು. ಮತ್ತೆ ಎಳೆದಳು. ಲಾನಿನ ನಡುವೆ, ಸಂಜೆ ಸ್ಟೇಜು ಏಳಬೇಕಾದ ಜಾಗದ ಎದುರಿಗೇ, ಬೋಳು ಮಣ್ಣು ಬಾಯಿ ತೆರೆಯುತ್ತ ಹೋಯಿತು.

“ಸ್ನೇಹಾ, ಸಾಕು ಮಾಡು. ಸಂಜೀಗೆ ಮಂದಿ ಬರ್ತಾರ,” ಎಂದ ಅವಳ ಅಪ್ಪ ಸತ್ತೆಪ್ಪ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ. ಟಾವೆಲ್ಲಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದ, ಒರೆಸಿದ ಮೇಲೂ ಒರೆಸಿಕೊಳ್ಳುತ್ತಿದ್ದ.

“ನೀ ದವಾಖಾನ್ಯಾಗ ಮಲಗಿರಬೇಕಿತ್ತು.”

“ಮಲಗಿದ್ದೆ. ಸಲಾಯಿನ್ ಮುಗೀತು, ಎದ್ದು ಬಂದೆ.”

“ಡಾಕ್ಟರ್ ಬಿಟ್ರೇನು?”

“ಅವರನ್ನ ಯಾರ ಕೇಳಾಕ ಹೋಗ್ಯಾರ.”

ರಾತ್ರಿಯೆಲ್ಲ ಅವನು ವಾಂತಿ ಮಾಡಿಕೊಂಡಿದ್ದ. ಮೀನು ಹಳಸಿತ್ತು ಅಂದಿದ್ದ. ಬೆಳಿಗ್ಗೆ ಅಂಕಲಿಯ ದವಾಖಾನೆಯಲ್ಲಿ ಡಾಕ್ಟರು ಅವನ ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟು ನೋಡಿದ್ದರು. ಕಣ್ಣಿನ ಕಪ್ಪು ಸಾಸಿವೆ ಕಾಳಿಗಿಂತ ಸಣ್ಣದಾಗಿತ್ತು. “ಮಾಮಾ, ನಿನ್ನೆ ಏನು ಹೊಡದಿ?” ಎಂದು ಕೇಳಿದ್ದರು. ಸತ್ತೆಪ್ಪ ಗೋಡೆ ನೋಡಿದ. ಸ್ನೇಹಲ ಅಪ್ಪನನ್ನು ನೋಡಿದಳು. ಅಷ್ಟರಲ್ಲೇ ಅವಳಿಗೆ ತಿಳಿದುಹೋಯಿತು. ಅವ್ವ ತುಳಸವ್ವನನ್ನು ಅವನ ತಲೆದೆಸೆಗೆ ಕೂರಿಸಿ, ಸ್ಕೂಟಿ ಹತ್ತಿ ನೆಟ್ಟಗೆ ಲಾನಿಗೆ ಬಂದಿದ್ದಳು.

ಈಗ ಅವಳ ಕೈಯಲ್ಲಿ ಕೆಂಪು ರಬ್ಬರಿನ ಗ್ಲೌಸಿದ್ದವು. ವರ್ಷದ ಹಿಂದೆ ಅಪ್ಪನಿಗೆಂದೇ ತಂದವು. ಪ್ಲಾಸ್ಟಿಕ್ ಕೊಟ್ಟೆಯಿಂದ ಇವತ್ತೇ ಮೊದಲ ಸಲ ಹೊರಗೆ ಬಂದಿದ್ದವು.

“ಔಷಧಾ ಬರಿಗೈಲೆ ಉಗ್ಗಿದೇನು?”

ಸತ್ತೆಪ್ಪ ಅಂಗೈಗಳನ್ನು ಟಾವೆಲ್ಲಿನೊಳಗೆ ಮುಚ್ಚಿಕೊಂಡ.

“ಗ್ಲೌಸ್ ಗೂಟಕ್ಕ ಇದ್ವಲ್ಲ.”

“ಹೊಸಾವು. ಹೊಲಸಾಗ್ತಾವಂತ ಬಿಟ್ಟೆ.”

ಅವಳು ಮತ್ತೊಂದು ಹಾಸು ಕಿತ್ತಳು. ಕೆಳಗೆ ಎರೆಹುಳುಗಳು ದಾರದ ತುಂಡಿನ ಹಾಗೆ ಸಡಿಲವಾಗಿ ಬಿದ್ದಿದ್ದವು. ಅವುಗಳ ನಡುವೆ ಔಷಧದ ಕರಿ ಹರಳು. ಕೊಳೆತ ಬೆಳ್ಳುಳ್ಳಿಯಂಥ ವಾಸನೆ. ನಾಲ್ಕು ಹೆಜ್ಜೆ ಆಚೆ ಒಂದು ಗೊರವಂಕ, ಊರವರ ಸಾಳುಂಕಿ, ರೆಕ್ಕೆ ಅಗಲಿಸಿಕೊಂಡು ಬೋರಲು ಬಿದ್ದಿತ್ತು. ದಿನಾ ಬೆಳಿಗ್ಗೆ ಈ ಹುಲ್ಲಿನಲ್ಲಿ ಕುಕ್ಕಿ ಕುಕ್ಕಿ ಹುಳ ಎತ್ತಿ, ಅವಳ ಅರ್ಧ ಕೆಲಸ ತಾನೇ ಮಾಡಿಹೋಗುತ್ತಿದ್ದ ಹಿಂಡಿನದು.

ಆಮೇಲೆ ಅವಳಿಗೆ ಅದು ಕಂಡಿತು. ಮಣ್ಣಿನಲ್ಲಿ ಕೊಂಡಿಯಂತೆ ಬಾಗಿದ ದಪ್ಪ ಹುಳು. ಊರ ತುಂಬ ಹುಮಣಿ ಅನ್ನುವುದು ಇದನ್ನೇ. ಕಬ್ಬಿನ ಬೇರು ತಿನ್ನುವುದು, ಹುಲ್ಲಿನ ಬೇರು ತಿನ್ನುವುದು. ಆದರೆ ಇದು ಬೆಳ್ಳಗೆ ಮೆತ್ತಗೆ ಇರಲಿಲ್ಲ. ಸೀಮೆಸುಣ್ಣದಷ್ಟು ಗಡುಸಾಗಿತ್ತು. ಮೈ ಮೇಲೆಲ್ಲ ಹಸಿರು ಬೂಷ್ಟು. ಪಕ್ಕದಲ್ಲಿ ಇನ್ನೊಂದು. ಅದರಾಚೆ ಮತ್ತೊಂದು. ಮಳೆಗಾಲದ ಮೊದಲಿಗೆ ಹಣ್ಣಾದ ಗೊಬ್ಬರದಲ್ಲಿ ಕಲಸಿ ಅವಳು ಹಾಕಿದ್ದ ಬೂಷ್ಟು ಕತ್ತಲೆಯಲ್ಲಿ, ಯಾರಿಗೂ ಹೇಳದೆ, ತನ್ನ ಕೆಲಸ ಮಾಡುತ್ತಲೇ ಇತ್ತು. ಹರಳು ಬೀಳುವ ಎಷ್ಟೋ ಮೊದಲೇ ಇವು ಸತ್ತಿದ್ದವು.

ಸ್ನೇಹಲಳಿಗೆ ಅಳು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಕಿವಿಯೊಳಗೆ ಕಬ್ಬಿನ ಗಾಣ ತಿರುಗಿದಂಥ ಸದ್ದು ಬಂತು, ಅಷ್ಟೆ. ಆ ಹಸಿರು ಹುಳುವನ್ನು ಎತ್ತಿ ಮುಷ್ಟಿಯಲ್ಲಿಟ್ಟುಕೊಂಡಳು.

ಈ ಜಾಗ ಮೂರು ವರ್ಷದ ಹಿಂದೆ ಕಬ್ಬಿನ ಹೊಲ. ಹೊಲದ ಸಾವಕಾರ ಭಾವುಸಾಹೇಬ ಕಬ್ಬು ಕಿತ್ತು ಹುಲ್ಲು ಹಾಕಿದ, ಸುತ್ತ ದಾಸವಾಳದ ಬೇಲಿ ಹಾಕಿದ, ಹಿಂದೆ ಅಡುಗೆಮನೆ, ಮುಂದೆ ಸಿಮೆಂಟಿನ ಪಾರ್ಕಿಂಗು, ಮೇಲೆ ‘ಹಿರವಳ ಲಾನ್ಸ್’ ಎಂಬ ಕಮಾನು; ಮದುವೆ ಕಾರ್ಯಗಳಿಗೆ ಬಾಡಿಗೆ. ಬೆಳೆ ಬದಲಾಯಿತು, ಒಕ್ಕಲುತನ ಬದಲಾಗಲಿಲ್ಲ. ಲಾನಿಗೂ ಕಬ್ಬಿನ ಹಾಗೆ ಟ್ರ್ಯಾಲಿಗಟ್ಟಲೆ ಹಸಿ ಸಗಣಿ, ಕಬ್ಬಿನ ಹಾಗೆ ಮೊಣಕಾಲುದ್ದ ನೀರು, ರೋಗ ಇರಲಿ ಇಲ್ಲದಿರಲಿ ವಾರಕ್ಕೊಮ್ಮೆ ಬೆನ್ನಿಗೆ ಪಂಪು. ಪಂಪು ಹೊರುವವನು ಸತ್ತೆಪ್ಪ. ತೋಟಗಾರಿಕೆ ಡಿಪ್ಲೊಮಾ ಮುಗಿಸಿ ಬಂದ ಸ್ನೇಹಲ ಇಲ್ಲಿ ಕೆಲಸಕ್ಕೆ ಸೇರಿದ ದಿನವೇ ಆ ಪಂಪನ್ನು ಅಪ್ಪನ ಬೆನ್ನಿಂದ ಇಳಿಸಿದ್ದಳು. ಕತ್ತರಿಸುವ ಯಂತ್ರದ ಬ್ಲೇಡು ಒಂದು ಬೆರಳು ಮೇಲೆತ್ತಿಸಿದಳು, ಹುಲ್ಲಿನ ಬೇರು ಆಳಕ್ಕೆ ಇಳಿಯಲಿ ಎಂದು. ದಾಸವಾಳಕ್ಕೆ ಬಿಳಿ ಹಿಟ್ಟುಹುಳ ಬಂದರೆ ಆ ಟೊಂಗೆ ಮಾತ್ರ ಕತ್ತರಿಸಿ ಸುಟ್ಟಳು. ಅಲ್ಲಲ್ಲಿ ಒಂದಡಿ ಹುಲ್ಲು ಎತ್ತಿ ಹುಳು ಎಣಿಸಿದಳು. ಒಂದೆರಡಿದ್ದರೆ ಮುಚ್ಚಿ ಸುಮ್ಮನಾದಳು. ಭಾವುಸಾಹೇಬ ನಕ್ಕ. “ಹುಳಾ ನೋಡಿ ಸುಮ್ಮನ ಬರಾಕ ಪಗಾರ ಕೊಡೂದು ಇದ ಮೊದಲು,” ಎಂದ. ಆದರೆ ಗಿರಾಕಿಗಳು ವಿಷವಿಲ್ಲದ ಹುಲ್ಲೇ ಬೇಕೆಂದು ಕೇಳತೊಡಗಿದಾಗ ಅವನ ನಗು ಜಾತಿ ಬದಲಿಸಿತು. ಗೇಟಿನಲ್ಲಿ ಬೋರ್ಡು ಎದ್ದಿತು: ‘ವಿಷಮುಕ್ತ ಲಾನ್. ಮಕ್ಕಳು ಬರಿಗಾಲಲ್ಲಿ ಆಡಬಹುದು.’ ಪಕ್ಕದಲ್ಲಿ ಸ್ನೇಹಲಳ ಫೋಟೋ, ಪಂಚಾಯತಿ ಎಲೆಕ್ಷನ್ನಿಗೆ ನಿಂತವಳಂತೆ ಕೈಕಟ್ಟಿಕೊಂಡು.

ಹುಮಣಿಯ ದುಂಬಿ ವರ್ಷಕ್ಕೊಮ್ಮೆ ಮೇಲೆ ಬರುತ್ತದೆ. ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮೊದಲಿನ ವಳಪಿನ ಮಳೆ ಬಿದ್ದ ಸಂಜೆ ಮಣ್ಣಿನಿಂದೆದ್ದು ಬೇವಿನ ಗಿಡಕ್ಕೆ ಹಾರುತ್ತದೆ, ಬೆಳಕು ಕಂಡರೆ ಬೆಳಕಿಗೆ ಬೀಳುತ್ತದೆ. ಸ್ನೇಹಲ ಬೇವಿನ ಕೆಳಗೆ ಬಲ್ಬು ಕಟ್ಟಿ, ಬಲ್ಬಿನಡಿ ತಗಡಿನ ಬುಟ್ಟಿಗಳಲ್ಲಿ ಸೀಮೆಎಣ್ಣೆ ಬೆರೆಸಿದ ನೀರಿಟ್ಟಿದ್ದಳು. ಮೊದಲ ಸಂಜೆಯೇ ಬುಟ್ಟಿ ತುಂಬಿದವು. ಭಾವುಸಾಹೇಬ ಸಣ್ಣ ಹುಡುಗನ ಹಾಗೆ ಹಿಗ್ಗಿ, ಹೋದವರಿಗೆ ಬಂದವರಿಗೆ ಬುಟ್ಟಿ ತೋರಿಸಿದ.

ಮರುದಿನ ಮದುವೆಯಿತ್ತು. ಕ್ರೋಟನ್ ಕುಂಡ ತರಲು ಅವಳನ್ನು ನಿಪ್ಪಾಣಿಗೆ ಕಳಿಸಿದ್ದ. ಫೋಟೋದವನು ಬುಟ್ಟಿ ಚಂದ ಕಾಣಂಗಿಲ್ಲ, ವಾಸನೆ ಬ್ಯಾರೆ ಅಂದ. ಭಾವುಸಾಹೇಬ ಬುಟ್ಟಿ ತೆಗೆಸಿದ. ಬಲ್ಬು ತೆಗೆಸಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆಳಕಿಗೆ ಹುಳ ಬರುತ್ತದೆ ಎಂದು ಅವಳೇ ಹೇಳಿದ್ದಾಳಲ್ಲ ಎಂದು, ಬೇವಿನ ಗಿಡಗಳಿಗೆಲ್ಲ ಬುಡದಿಂದ ತುದಿಯವರೆಗೆ ಲೈಟಿನ ಸರ ಸುತ್ತಿಸಿದ. ಸುತ್ತ ನಾಲ್ಕೂ ದಿಕ್ಕಿಗೆ ಕಬ್ಬು. ಆ ಕಬ್ಬಿನಲ್ಲಿದ್ದ ದುಂಬಿಗಳೆಲ್ಲ ಕರೆಯೋಲೆ ಸಿಕ್ಕಂತೆ ಬಂದವು. ಬೀಳಲು ಬುಟ್ಟಿಯಿರಲಿಲ್ಲ. ಚೆನ್ನಾಗಿ ನೀರುಂಡ ಮೆತ್ತನೆಯ ಹುಲ್ಲಿತ್ತು. ಸ್ನೇಹಲ ಕುಂಡಗಳೊಂದಿಗೆ ಮರಳಿದಾಗ ಪೈಠಣಿ ಉಟ್ಟ ಹೆಂಗಸರು ಸೆರಗು ಕೊಡವುತ್ತಿದ್ದರು, ದುಂಬಿಗಳು ಹುಲ್ಲಿನೊಳಗೆ ಮೊಟ್ಟೆಯಿಡಲು ಇಳಿಯುತ್ತಿದ್ದವು.

ಅದಕ್ಕೇ ಬೂಷ್ಟಿನ ಪುಡಿ ಹಾಕಿದ್ದಳು. ಅದು ನಿಧಾನಕ್ಕೆ ಕೊಲ್ಲುತ್ತದೆ, ನಡುವೆ ಹುಲ್ಲು ಅಲ್ಲಲ್ಲಿ ಹಳದಿಯಾಗುತ್ತದೆ, ದೀಪಾವಳಿಯ ಹೊತ್ತಿಗೆ ತಿರುಗಿ ಚಿಗುರುತ್ತದೆ ಎಂದಿದ್ದಳು. ಭಾವುಸಾಹೇಬ ಗೋಣು ಹಾಕಿದ್ದ. ನಿನ್ನೆ ಅವಳು ಗೊಬ್ಬರ ನೋಡಲು ಕಬ್ಬೂರಿಗೆ ಹೋದ ಗಳಿಗೆ ನೋಡಿ, ಅವಳ ಅಪ್ಪನ ಕೈಯಲ್ಲಿ ವಿಷದ ಹರಳಿನ ಚೀಲ ಕೊಟ್ಟಿದ್ದ.

ಜೀಪು ಬಂತು. ಹಿಂದೆಯೇ ರಾಯಬಾಗದ ಮಂಡಪದವರ ಟೆಂಪೊ. ಭಾವುಸಾಹೇಬ ಇಳಿದು, ಕಿತ್ತ ನೆಲ ನೋಡಿ, ಟೋಪಿ ಸರಿಮಾಡಿಕೊಂಡ.

“ಏನ್ ಮ್ಯಾಡಮ್, ಹುಲ್ಲು ಕಟಾವಿಗೆ ಬಂತೇನು? ಫ್ಯಾಕ್ಟರಿಗೆ ಕಳಸೂಣು?”

“ಯಾವ ಔಷಧ ಹಾಕ್ಸೀರಿ?”

“ಹುಮಣೀದು.”

“ಅದರ ಮಾರಾಟ ಬಂದ್ ಆಗಿ ವರ್ಷ ಆದುವ್ರಿ.”

“ನಾ ಎಲ್ಲಿ ಮಾರೀನಿ? ಕಬ್ಬಿನ ಶೆಡ್ಡಿನ್ಯಾಗ ಹಳೇದು ಉಳದಿತ್ತು. ಕಬ್ಬಿಗೆ ಹಾಕ್ತಿದ್ವಿಲ್ಲೊ? ಸಕ್ಕರಿ ತಿಂದು ಯಾರರೆ ಸತ್ತಾರೇನು?”

“ಕಬ್ಬಿನ್ಯಾಗ ಯಾರೂ ಕೂಸು ಉಳ್ಳಾಡಸಂಗಿಲ್ರಿ.”

ಭಾವುಸಾಹೇಬನ ಮುಖದ ನಗು ಹೋಯಿತು. ಅವನು ಕೆಟ್ಟ ಮನುಷ್ಯನ ಮುಖದವನಲ್ಲ. ಬೆಳಿಗ್ಗೆ ನೊಸಲಿಗಿಟ್ಟ ಬುಕ್ಕಿಯ ಕರಿ ಬೊಟ್ಟು ಮಧ್ಯಾಹ್ನದವರೆಗೂ ಉಳಿಯುವಂಥ ಶಾಂತ ಮುಖ. “ನೋಡು ಬಾಳಾ,” ಎಂದ ಮಗಳಿಗೆ ಹೇಳುವಂತೆ, “ಕಾಗವಾಡದವರು ಬಂದು ಈ ಹಳದಿ ನೋಡಿದ್ರು, ಇದೇನು ಗಜಕರ್ಣ ಹತ್ತೇತೇನು ಲಾನಿಗೆ ಅಂದು ತಿರುಗಿ ಹೋದ್ರು. ಅಥಣಿಯವರೂ ಹೋದ್ರು. ನಿನ್ನ ಬೂಷ್ಟು ಯಾವಾಗ ಕೆಲಸಾ ಮಾಡ್ತಿತ್ತು? ನನ್ನ ತಿಥಿಗೇನು?”

ಅವಳು ಮುಷ್ಟಿ ಬಿಚ್ಚಿದಳು. “ಮಾಡೈತಿ.”

ಅವನು ಬಾಗಿ ನೋಡಿದ. “ಒಂದು ಸತ್ತೈತಿ.”

“ಒಂದಲ್ಲ. ಅಗದ ನೋಡ್ರಿ, ಕೈ ಹಾಕಿದಲ್ಲಿ ಸಿಗ್ತಾವು. ನೀವು ಹಾಕೂಕಿಂತ ಮೊದಲ ಸತ್ತಾವು. ನೀವು ಕೊಂದದ್ದು ಬ್ಯಾರೆ. ಎರೆಹುಳಾ ಕೊಂದ್ರಿ. ಸಾಳುಂಕಿ ಕೊಂದ್ರಿ. ನಮ್ಮಪ್ಪನ್ನ ಅರ್ಧಾ ಕೊಂದ್ರಿ.”

“ಏ ಸತ್ತೆಪ್ಪಾ, ಏನಾಗೇತಿ ನಿನಗ?”

“ಏನಿಲ್ರಿ ಸಾವಕಾರ್ರ. ಸ್ವಲ್ಪ ಹೊಟ್ಟಿ ಮಳಮಳಸಿತ್ತು.”

“ಕೇಳ್ದಿಲ್ಲೊ?” ಎಂದ ಭಾವುಸಾಹೇಬ.

ಅವಳಿಗೆ ಆಗ ಸಾವಕಾರನಿಗಿಂತ ಅಪ್ಪನ ಮೇಲೆ ಹೆಚ್ಚು ಸಿಟ್ಟು ಬಂತು. ಮಳಮಳಸಿತ್ತು ಅನ್ನುವವನ ಮೂಗಿನಿಂದ ನೀರು ಸೋರುತ್ತಿತ್ತು. ಜೀವಮಾನವೆಲ್ಲ ಹೀಗೆ. ಹಾವು ಕಚ್ಚಿದರೂ ಈ ಮನುಷ್ಯ ಎದುರಿನವನಿಗೆ ಬೇಸರವಾಗದಂತೆ ಸಾಯುತ್ತಾನೆ.

ಮಂಡಪದವರು ಟೆಂಪೊದಿಂದ ಹಸಿರು ಪ್ಲಾಸ್ಟಿಕ್ ಮ್ಯಾಟಿನ ಸುರುಳಿಗಳನ್ನು ಇಳಿಸತೊಡಗಿದರು. ಜೊತೆಗೆ ಗುಲಾಬಿ ನೀರಿನ ಎರಡು ಕ್ಯಾನು, ವಾಸನೆ ಮುಚ್ಚಲು. ನಿಜವಾದ ಹುಲ್ಲಿನ ಮೇಲೆ ಹುಲ್ಲಿನ ವೇಷ ಹಾಸುವುದು. ಸ್ನೇಹಲಳಿಗೆ ಇಡೀ ಊರು ಹಾಗೇ ಕಂಡಿತು: ಕೆಳಗೆ ಏನಿದೆಯೋ ಅದರ ಮೇಲೆ ಅದರದೇ ಫೋಟೋ.

“ಪಾರ್ಕಿಂಗಿನ ಸಿಮೆಂಟಿನ ಮ್ಯಾಲೆ ಸ್ಟೇಜ್ ಹಾಕ್ರಿ,” ಎಂದಳು. “ಲಾನಿಗೆ ಹಗ್ಗಾ ಕಟ್ಟೂಣು. ಯಾರನ್ನೂ ಒಳಗ ಬಿಡೂದು ಬ್ಯಾಡ.”

“ಗಾಡಿ ನನ್ನ ತಲೀ ಮ್ಯಾಲೆ ನಿಲ್ಲಸ್ತಾರೇನು? ಮತ್ತ ಹಗ್ಗಾ ಯಾಕಂತ ಕೇಳಿದ್ರ ಏನ ಹೇಳ್ಲಿ?”

“ಖರೇ ಹೇಳ್ರಿ.”

ಅವನು ಉತ್ತರಿಸುವ ಮೊದಲೇ ಗೇಟಿನಲ್ಲಿ ಆಟೊ ನಿಂತಿತು. ಸಂಜೆಯ ಕಾರ್ಯದವರೇ. ದಿಗ್ಗೇವಾಡಿಯ ಬಾಳೆಹಣ್ಣಿನ ವ್ಯಾಪಾರಿ ಜಾಕೀರ, ಅವನ ತಾಯಿ ನೂರಜಾನಬಿ, ಐದಾರು ವರ್ಷದ ದೊಡ್ಡ ಮಗಳು ಸಾನಿಯಾ. ಹೊಸ ಕೂಸಿನ ಕೂದಲು ತೆಗೆಸಿ ಸುಮಯ್ಯಾ ಎಂದು ಹೆಸರಿಡುವ ಅಖೀಕಾ ಇವತ್ತು. ತಯಾರಿ ಎಲ್ಲಿಗೆ ಬಂತೆಂದು ನೋಡಲು ಮೊದಲೇ ಬಂದಿದ್ದರು.

ಸಾನಿಯಾ ಬೋರ್ಡಿನ ಮಾತು ಓದಬಲ್ಲವಳಲ್ಲ, ಆದರೆ ಹುಲ್ಲು ಓದಬಲ್ಲವಳು. ಚಪ್ಪಲಿ ಎರಡನ್ನೂ ಗಾಳಿಗೆ ಹಾರಿಸಿ ಓಡಿಬಂದಳು. ಸ್ನೇಹಲ ಗ್ಲೌಸು ಕಳಚಿ ಒಗೆದು ಎದುರಿಗೆ ಓಡಿದಳು. ಹುಲ್ಲಿನ ಅಂಚಿಗೆ ಕಾಲಿಡುವಷ್ಟರಲ್ಲಿ ಹುಡುಗಿಯನ್ನು ರಟ್ಟೆ ಹಿಡಿದು ಮೇಲೆತ್ತಿದಳು. ಹುಡುಗಿ ಕಿರುಚಿದಳು.

“ಏ, ಯಾಕ ಹಿಡದಿ ಅಕೀನ?” ಎಂದ ಜಾಕೀರ.

“ಹುಲ್ಲಿನ ಮ್ಯಾಲೆ ಬ್ಯಾಡ್ರಿ.”

“ನೀರ ಹೆಚ್ಚಾಗೇತಿ ಜಾಕೀರಭಾಯ್, ಕೆಸರು, ಅದಕ್ಕ,” ಎಂದು ಭಾವುಸಾಹೇಬ ನಡುವೆ ಬಂದ. “ಈಗ ಮ್ಯಾಟ್ ಹಾಸಸ್ತೀನಿ. ಗುಲಾಬಿ ನೀರ ಹೊಡಸ್ತೀನಿ. ನಿಮ್ಮ ಮಂದಿ ಘಮಾ ಘಮಾ ಕುಂಡ್ರಲಿ.”

ನೂರಜಾನಬಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಸತ್ತ ಗೊರವಂಕವನ್ನು ನೋಡುತ್ತಿದ್ದಳು. ಆಮೇಲೆ ಬಕೆಟ್ಟಿನ ಮೇಲಿನ ಸತ್ತೆಪ್ಪನನ್ನು ನೋಡಿದಳು. ಮೂಗಿಗೆ ಸೆರಗು ಹಿಡಿದಳು.

“ಬೇಟಿ,” ಎಂದಳು ಸ್ನೇಹಲಳಿಗೆ, “ಆ ಬೋರ್ಡಿನ ಮ್ಯಾಲಿನಾಕಿ ನೀನ ಏನು?”

“ಹೌದ್ರಿ.”

“ಹಂಗಾದ್ರ ನೀ ಹೇಳು. ಇದೇನು ಕೆಸರಿನ ವಾಸನಿ?”

ಸ್ನೇಹಲ ಅಪ್ಪನ ಕಡೆ ನೋಡಿದಳು. ಅವನು ಬೇಡ ಎಂದು ಗೋಣು ಅಲ್ಲಾಡಿಸಿದ, ಎಷ್ಟು ಸಣ್ಣಗೆ ಎಂದರೆ ಅವಳಿಗಷ್ಟೇ ಕಾಣುವಷ್ಟು. ಇಪ್ಪತ್ತು ವರ್ಷದ ಅನ್ನ ಆ ಗೋಣಿನಲ್ಲಿತ್ತು.

“ವಿಷರಿ,” ಎಂದಳು ಸ್ನೇಹಲ. “ನಿನ್ನೆ ಹಾಕ್ಯಾರ. ಕೈಗೆ ಹತ್ತಿದ್ರೂ ಮೈಯಾಗ ಇಳೀತೈತಿ. ನಮ್ಮಪ್ಪ ಬೆಳಿಗ್ಗೆ ದವಾಖಾನ್ಯಾಗ ಇದ್ದ. ಸಣ್ಣ ಮಕ್ಕಳಿಗೆ ಹುಲ್ಲು ಮುಟ್ಟಸಬ್ಯಾಡ್ರಿ.”

“ಯಾ ಅಲ್ಲಾ,” ಎಂದಳು ನೂರಜಾನಬಿ ಮೆಲ್ಲಗೆ, ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡಳು.

ಜಾಕೀರ ಭಾವುಸಾಹೇಬನ ಮೇಲೆ ಹರಿಹಾಯ್ದ. ಬೋರ್ಡು ತೋರಿಸಿದ, ಗೇಟು ತೋರಿಸಿದ, ಒಮ್ಮೆ ಆಕಾಶವನ್ನೂ ತೋರಿಸಿದ. ಭಾವುಸಾಹೇಬ ಎರಡೂ ಕೈ ಎದೆಗೆ ತಂದು ಕೇಳಿಸಿಕೊಂಡ. ಆದರೆ ಸ್ನೇಹಲ ನೋಡುತ್ತಿದ್ದಂತೆ ಜಾಕೀರನ ಸಿಟ್ಟಿನಿಂದ ಗಾಳಿ ಹೋಗತೊಡಗಿತು. ಹಿಂದೆ ಅಡುಗೆಮನೆಯಲ್ಲಿ ಆಗಲೇ ಬಿರ್ಯಾನಿಯ ಹಂಡೆ ಒಲೆ ಏರಿತ್ತು. ಮಿರಜದಿಂದ, ಇಚಲಕರಂಜಿಯಿಂದ ಬೀಗರು ಹೊರಟಾಗಿತ್ತು. ಅವನು ಫೋನು ತೆಗೆದು ನೋಡಿದ, ಹಂಡೆಯ ಕಡೆ ನೋಡಿದ, ಕೊನೆಗೆ ಮ್ಯಾಟಿನ ಸುರುಳಿಗಳನ್ನು ನೋಡಿದ.

“ಎರಡು ಪದರು ಹಾಸಿದ್ರ?” ಎಂದ.

“ಮೂರು ಹಾಸಸ್ತೀನಿ,” ಎಂದ ಭಾವುಸಾಹೇಬ ತಕ್ಷಣ.

“ಮಕ್ಕಳು ಮ್ಯಾಟ್ ಎತ್ತತಾವ್ರಿ,” ಎಂದಳು ಸ್ನೇಹಲ. “ಅಂಚಿಗೆ ಹೋಗ್ತಾವು. ಬಿದ್ದದ್ದು ಎತ್ತಿ ಬಾಯಾಗ ಇಟ್ಕೋತಾವು. ಪಾರ್ಕಿಂಗ್ ಐತೆಲ್ರಿ.”

“ಬೀಗರನ್ನ ಗಾಡಿ ನಿಲ್ಲಿಸೂ ಜಾಗಾದಾಗ ಕುಂಡ್ರಸ್ಲೇನು?” ಜಾಕೀರ ಈಗ ಅವಳ ಮೇಲೆಯೇ ಸಿಟ್ಟಾಗಿದ್ದ. “ನನ್ನ ಮರ್ಯಾದಿ ಎಲ್ಲಿ ಉಳೀತು? ಬಾಯೀ, ನಾ ಈ ಸಾವಕಾರನ ಮಾತು ನಂಬಂಗಿಲ್ಲ. ನಿನ್ನ ಫೋಟೋ ನೋಡಿ ಬುಕ್ ಮಾಡಿದಾಂವ ನಾನು. ನೀ ಒಂದ ಮಾತು ಹೇಳು. ಮ್ಯಾಟ್ ಹಾಸಿದ್ರ ನಡೀತೈತಿ ಅಂತ ಹೇಳು, ನಾ ಸುಮ್ಮನಾಗ್ತೀನಿ. ಅವ್ವಾನೂ ಸುಮ್ಮನಾಗ್ತಾಳ.”

ನೂರಜಾನಬಿ ಸ್ನೇಹಲಳ ಬಾಯಿಯನ್ನೇ ನೋಡುತ್ತಿದ್ದಳು.

ಎಲ್ಲರಿಗೂ ಅವಳ ಮಾತು ಬೇಕಾಗಿತ್ತು. ವಿಷ ತೆಗೆಯುವುದು ಯಾರಿಗೂ ಬೇಕಿರಲಿಲ್ಲ, ವಿಷ ಇಲ್ಲ ಎನ್ನುವ ಬಾಯಿ ಬೇಕಾಗಿತ್ತು. ಕೊಂದವನಿಗೂ ಅದೇ, ಮೋಸಹೋದವನಿಗೂ ಅದೇ.

ಭಾವುಸಾಹೇಬ ಮಂಡಪದವನ ಕೈಯಿಂದ ಮ್ಯಾಟಿನ ಒಂದು ತುದಿ ತೆಗೆದುಕೊಂಡು ಅವಳ ಹತ್ತಿರ ಬಂದ. ದನಿ ಇಳಿಸಿ ಮಾತಾಡಿದ. ಈಗ ಅದರಲ್ಲಿ ಹಾಸ್ಯವಿರಲಿಲ್ಲ.

“ತಪ್ಪಾಗೇತಿ, ಒಪ್ಕೋತೀನಿ. ಬುಟ್ಟಿ ತೆಗಸಿದ್ದೂ ತಪ್ಪು. ಈಗ ಕೇಳಿಲ್ಲಿ. ನಿಪ್ಪಾಣಿ ರೋಡಿಗೆ ಎರಡನೇ ಲಾನ್ ಹಾಕಾಕತ್ತೀನಿ, ನಿನಗ ಗೊತ್ತೈತಿ. ಅದು ಪೂರಾ ನಿನ್ನ ಕೈಯಾಗ. ಒಂದು ಹರಳು ಒಳಗ ಬರಂಗಿಲ್ಲ. ಬುಟ್ಟಿ ಇಡು, ಬಲ್ಬ್ ಕಟ್ಟು, ಬೂಷ್ಟು ಹಾಕು, ಹುಲ್ಲು ಹಳದಿ ಆದ್ರ ಆಗಲಿ, ನಾ ತಿರುಗಿ ನೋಡಂಗಿಲ್ಲ. ನಿಮ್ಮಪ್ಪಗ ಪಂಪು ಇಲ್ಲ, ಚೀಲಾ ಇಲ್ಲ. ಅಲ್ಲೇ ವಾಚ್‌ಮನ್ ಆಗಿ ಕುರ್ಚಿ ಮ್ಯಾಲೆ ಕುಂಡ್ರಲಿ. ಇವತ್ತ ಒಂದ ಸಂಜಿ. ನಿನ್ನ ಕೈಲೆ ಈ ತುದಿ ಹಿಡಿ, ಹಾಸು. ಅವರು ನೋಡ್ತಾರ. ಬಾಯಿಲೆ ಏನೂ ಹೇಳಬ್ಯಾಡ. ಹಿಡಿ ಸಾಕು.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಅವಳಿಗೆ ಗೊತ್ತಾಯಿತು. ಅದೇ ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು. ನಿಪ್ಪಾಣಿಯ ಆ ಜಾಗವನ್ನು ಅವಳು ನೋಡಿದ್ದಳು. ಕೆಂಪುಗಪ್ಪು ಮಣ್ಣು, ಅಂಚಿಗೆ ಮುದಿ ಬೇವು, ಸುತ್ತ ಕಬ್ಬಿಲ್ಲ. ಎಲ್ಲಿ ಬುಟ್ಟಿ, ಎಲ್ಲಿ ದಾಸವಾಳ, ಎಲ್ಲಿ ಮಕ್ಕಳಿಗೆ ಉದ್ದ ಹುಲ್ಲು ಎಂದು ಬಸ್ಸಿನ ಕಿಟಕಿಗೆ ತಲೆಯಾನಿಸಿ ಎಷ್ಟೋ ಸಲ ಯೋಚಿಸಿದ್ದಳು.

“ಹಿಡಿಯವ್ವಾ,” ಎಂದ ಸತ್ತೆಪ್ಪ ಬಕೆಟ್ಟಿನ ಮೇಲಿಂದ. ಏಳಲು ಹೋದ, ಕಾಲು ನಿಲ್ಲದೆ ಮತ್ತೆ ಕೂತ. “ಸಾವಕಾರ್ರು ಇಷ್ಟು ಹೇಳಾಕತ್ತಾರ.”

ಸಾನಿಯಾ ಅಜ್ಜಿಯ ಸೊಂಟದಿಂದ ಜಾರಲು ನೋಡುತ್ತಿದ್ದಳು. ಅವಳ ಒಂದು ಬರಿಗಾಲು ಕೆಳಕ್ಕೆ, ಹುಲ್ಲಿನ ಕಡೆಗೆ ಚಾಚಿಕೊಂಡಿತ್ತು.

ಭಾವುಸಾಹೇಬ ಮ್ಯಾಟಿನ ತುದಿಯನ್ನು ಇನ್ನಷ್ಟು ಮುಂದೆ ಹಿಡಿದ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಅವಳ ಮುಖಕ್ಕೆ ಬಂತು.

ಸ್ನೇಹಲ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

“ಇಲ್ರಿ,” ಎಂದಳು. “ನಾ ಹಿಡಿಯಂಗಿಲ್ಲ.”